ಹಣ್ಣಿನ ಜಾಮನ್ನು ಮನೆಯಲ್ಲಿ ಮಾಡುವ ಕ್ರಮ

(ಗುಡೂರು ಮತ್ತು ಸುತ್ತಣ ಗ್ರಾಮಗಳ ಜಮೀನುದಾರರನ್ನೂ ಗ್ರಾಮಮುಖಂಡರನ್ನೂ ಉದ್ದೇಶಿಸಿದ ಉಪನ್ಯಾಸ)



ಬೆಳೆಯನ್ನು ಬೆಳೆಯುವುದು ಒಂದು ವಿದ್ಯೆ. ಬೆಳೆದುದನ್ನು ಕೆಡದಂತೆ ಉಳಿಸಿಕೊಳ್ಳುವುದು ಮತ್ತೊಂದು ವಿದ್ಯೆ. ಈ ಎರಡನೆಯ ವಿದ್ಯೆಯಲ್ಲಿ ನಮ್ಮ ಹಿರಿಯರು ಯಾರಿಗೂ ಕಡಿಮೆಯಾದವರಲ್ಲ. ಜೋಳವನ್ನು ಹಗೇವಿನಲ್ಲಿ ತುಂಬಿ ಬರಗಾಲಕ್ಕೆ ಕಾದಿಡುತ್ತಿದ್ದರು. ಮೆಣಸಿನಕಾಯಿಯನ್ನು ಬಿಸಿಲಿಗೆ ಒಣಗಿಸುವುದು, ಹುಣಿಸೆಯನ್ನು ಉಪ್ಪು ಬೆರೆಸಿ ಗಡಿಗೆಯಲ್ಲಿಡುವುದು, ಮಾವಿನಕಾಯಿಯನ್ನು ಉಪ್ಪಿನಕಾಯಿ ಹಾಕುವುದು, ಇವೆಲ್ಲವೂ ಇಂದಿಗೂ ಮನೆಮನೆಯಲ್ಲಿ ನಡೆದುಬಂದಿವೆ. ಆದರೆ ಮಾಗಿದ ಹಣ್ಣಿನ ವಿಷಯದಲ್ಲಿ ಮಾತ್ರ ನಾವು ಇಷ್ಟು ಎಚ್ಚರಿಕೆಯನ್ನು ತೋರಿಸಿಲ್ಲ. ಹಣ್ಣು ಬಂದಾಗ ತಿನ್ನುವುದು, ಮಿಕ್ಕುದನ್ನು ಸಿಕ್ಕ ಬೆಲೆಗೆ ಮಾರುವುದು, ಮಾರಾಟವಾಗದುದನ್ನು ದನಗಳ ಮುಂದೆ ಸುರಿಯುವುದು, ಇದೇ ರೂಢಿಯಾಗಿದೆ.

ಬಾದಾಮಿ, ಹುನಗುಂದ, ಇಳಕಲ್ಲುಗಳ ನಡುವಣ ಈ ಸೀಮೆಯು ಮಳೆ ಕಡಿಮೆಯಾದ ಸೀಮೆ. ಇಲ್ಲಿ ಬೆಳೆದ ಪ್ರತಿಯೊಂದು ಹಣ್ಣಿನ ಹಿಂದೆಯೂ ಬಾವಿಯ ಅಥವಾ ಕೊಳವೆಬಾವಿಯ ನೀರು, ಅದನ್ನೆತ್ತುವ ವೆಚ್ಚ, ಮನೆಮಂದಿಯ ದುಡಿಮೆ ಇವೆ. ಹೀಗೆ ಕಷ್ಟಪಟ್ಟು ಬೆಳೆದ ಪೇರಲ, ಪಪ್ಪಾಯಿ, ದಾಳಿಂಬೆ, ಚಿಕ್ಕುಗಳಲ್ಲಿ ಎಲ್ಲವೂ ಪೇಟೆಗೆ ಹೋಗತಕ್ಕವಲ್ಲ. ಗಾತ್ರದಲ್ಲಿ ಸಣ್ಣವು, ಸಿಪ್ಪೆಯ ಮೇಲೆ ಕಲೆಯುಳ್ಳವು, ಗಿಡದಲ್ಲಿಯೇ ಹೆಚ್ಚು ಬಲಿತವು ಬೇರೆಯಾಗಿ ಉಳಿಯುತ್ತವೆ. ಪೇಟೆಗೆ ಹೋದ ಹಣ್ಣಿನ ಸ್ಥಿತಿಯೂ ನೆಮ್ಮದಿಯದಲ್ಲ. ಒಂದು ಸೀಮೆಯ ತೋಟಗಳೆಲ್ಲ ಒಂದೇ ಸಮಯಕ್ಕೆ ಫಲ ಕೊಡುವುದರಿಂದ ಬೆಲೆಯು ಕುಸಿಯುವುದು. ಮಾಗಿದ ಪೇರಲವು ಕಿತ್ತ ಮೂರು ನಾಲ್ಕು ದಿನಗಳಿಗಿಂತ ಹೆಚ್ಚು ನಿಲ್ಲುವುದಿಲ್ಲವಾದಕಾರಣ ಬೆಳೆದವನು ಕಾಯುವಂತಿಲ್ಲ, ಕೊಳ್ಳುವವನು ಕಾಯಬಲ್ಲನು. ಬೆಲೆಯನ್ನು ಯಾರು ಕಟ್ಟುವರೆಂಬುದು ಇದರಿಂದಲೇ ಗೊತ್ತಾಗುವುದು. ಹಣ್ಣನ್ನು ಒಂದು ವರ್ಷ ಕೆಡದಂತೆ ಇಡುವ ಉಪಾಯವನ್ನು ಕಲಿತ ಮನೆಯವರು ಅಷ್ಟರಮಟ್ಟಿಗೆ ಸ್ವತಂತ್ರರಾಗುವರು. ಅಂಥ ಉಪಾಯಗಳಲ್ಲಿ ಮನೆಯ ಒಲೆಯ ಮೇಲೆ ಸುಲಭವಾಗಿ ನಡೆಯತಕ್ಕದ್ದು ಜಾಮು.

ಜಾಮು ಎಂದರೇನು?

ಹೆಸರು ಹೊರಗಿನದಾದರೂ ವಸ್ತುವು ನಮಗೆ ಹೊಸತಲ್ಲ. ನಮ್ಮ ಕಡೆಯ ಮನೆಗಳಲ್ಲಿ ಮಾವಿನಕಾಯಿಯನ್ನು ತುರಿದು ಬೆಲ್ಲದ ಪಾಕದಲ್ಲಿ ಬೇಯಿಸಿ ಮಾಡುವ ಗುಳಂಬವನ್ನು ಎಲ್ಲರೂ ಬಲ್ಲರು. ಅದನ್ನೇ ಸಕ್ಕರೆಯಲ್ಲಿ ಮಾಡಿದರೆ ಸಾಖರಂಬವೆನ್ನುವರು. ಹಣ್ಣಿನ ತಿರುಳನ್ನು ಸಕ್ಕರೆಯೊಡನೆ ಕುದಿಸಿ, ತಣ್ಣಗಾದ ಮೇಲೆ ಹರಿಯದೆ ಮುದ್ದೆಯಾಗಿ ನಿಲ್ಲುವ ಹದಕ್ಕೆ ತಂದರೆ ಅದೇ ಜಾಮು. ಗುಳಂಬವನ್ನು ಹದವಾಗಿ ಇಳಿಸಬಲ್ಲ ಗೃಹಿಣಿಗೆ ಜಾಮು ಅರ್ಧ ಬಂದಂತೆಯೇ ಸರಿ. ಮಿಕ್ಕ ಅರ್ಧವು ತೂಕದ ಲೆಕ್ಕ. ಗುಳಂಬಕ್ಕೆ ಮಾವಿನ ಹುಳಿಯೂ ಅಂಟೂ ತಾವಾಗಿಯೇ ಒದಗುವುದರಿಂದ ಅಳತೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾದರೂ ನಡೆಯುವುದು. ಬೇರೆ ಹಣ್ಣುಗಳಲ್ಲಿ ಹಾಗೆ ನಡೆಯುವುದಿಲ್ಲ. ಆದಕಾರಣ ಜಾಮನ್ನು ನಾಲಗೆಯಿಂದಲ್ಲ, ತಕ್ಕಡಿಯಿಂದ ಮಾಡತಕ್ಕದ್ದೆಂಬ ಒಂದು ಮಾತನ್ನು ತಾವು ನೆನಪಿನಲ್ಲಿಟ್ಟರೆ ಸಾಕು.

ಜಾಮನ್ನು ಗಟ್ಟಿಗೊಳಿಸುವ ಮೂರು ದ್ರವ್ಯಗಳು

ಮೊದಲನೆಯದು, ಹಣ್ಣಿನಲ್ಲಿ ಸಹಜವಾಗಿರುವ ಅಂಟಿನ ದ್ರವ್ಯ. ಫ್ರಾನ್ಸ್ ದೇಶದ ರಸಾಯನಶಾಸ್ತ್ರಜ್ಞನಾದ ಬ್ರಾಕೊನೊ ಎಂಬವನು ೧೮೨೫ರಲ್ಲಿ ಇದನ್ನು ಬೇರ್ಪಡಿಸಿ ವಿವರಿಸಿದನು. ಇದಕ್ಕೆ ಪೆಕ್ಟಿನ್ ಎಂದು ಹೆಸರು. ಈಗ ತಾನೇ ಮಾಗಿ ಇನ್ನೂ ಗಟ್ಟಿಯಾಗಿರುವ ಹಣ್ಣಿನಲ್ಲಿ ಇದು ಚೆನ್ನಾಗಿರುವುದು. ಹಣ್ಣು ಮೆತ್ತಗಾದಂತೆಲ್ಲ ಇದರ ಶಕ್ತಿ ಕುಂದುವುದು. ಅತಿಯಾಗಿ ಬಲಿತ ಹಣ್ಣಿನ ಜಾಮು ಎಷ್ಟು ಕುದಿಸಿದರೂ ಗಟ್ಟಿಯಾಗದಿರುವುದಕ್ಕೆ ಇದೇ ಕಾರಣ.

ಎರಡನೆಯದು ಹುಳಿ. ಸಾಕಷ್ಟು ಹುಳಿಯಿಲ್ಲದಿದ್ದರೆ ಪೆಕ್ಟಿನ್ ಇದ್ದೂ ಉಪಯೋಗವಿಲ್ಲ. ಜಾಮು ಪಾಕದಂತೆ ಹರಿಯುವುದು. ಹುಳಿಯು ಕೆಡಿಸುವ ಸೂಕ್ಷ್ಮಜೀವಿಗಳನ್ನೂ ತಡೆಯುವುದು. ಹಣ್ಣಿನಲ್ಲಿ ಹುಳಿ ಸಾಲದಿದ್ದಲ್ಲಿ ನಿಂಬೆಯ ರಸವನ್ನಾಗಲಿ ಅಂಗಡಿಯಲ್ಲಿ ದೊರೆಯುವ ನಿಂಬೆ ಉಪ್ಪನ್ನಾಗಲಿ ಸೇರಿಸಬೇಕು. ಮೂರು ಗ್ರಾಂ ನಿಂಬೆ ಉಪ್ಪಿಗೆ ಬದಲಾಗಿ ಮೂರು ನಾಲ್ಕು ನಿಂಬೆಹಣ್ಣುಗಳ ರಸವು ಸುಮಾರಾಗಿ ಸಾಕಾಗುವುದು.

ಮೂರನೆಯದು ಸಕ್ಕರೆ. ಸಕ್ಕರೆಯನ್ನು ರುಚಿಗಾಗಿ ಹಾಕುವುದೆಂದು ಅನೇಕರು ತಿಳಿದಿದ್ದಾರೆ. ಅದರ ಮುಖ್ಯ ಕೆಲಸ ಬೇರೆ. ಉಪ್ಪಿನಕಾಯಿಯಲ್ಲಿ ಉಪ್ಪು ಹೇಗೋ ಜಾಮಿನಲ್ಲಿ ಸಕ್ಕರೆ ಹಾಗೆ. ಅದು ನೀರನ್ನು ತನ್ನಲ್ಲಿ ಕಟ್ಟಿಹಾಕುವುದು. ಬೂಷ್ಟು ಮೊದಲಾದುವು ಬೆಳೆಯಲು ಬೇಕಾದ ನೀರು ಅವುಗಳಿಗೆ ದೊರೆಯದಂತಾಗುವುದು. ಸಿದ್ಧವಾದ ಜಾಮಿನ ನೂರು ಪಾಲಿನಲ್ಲಿ ೬೫ ಪಾಲಿಗೆ ಕಡಿಮೆಯಿಲ್ಲದಂತೆ ಸಕ್ಕರೆಯೂ ಹಣ್ಣಿನ ಸಾರವೂ ಸೇರಿರಬೇಕು. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮಗಳಲ್ಲಿಯೂ ಇದೇ ಅಳತೆಯನ್ನು ವಿಧಿಸಲಾಗಿದೆ. ಸಕ್ಕರೆಯನ್ನು ಉಳಿಸುವ ಆಸೆಯಿಂದ ಇದಕ್ಕಿಂತ ಕಡಿಮೆ ಮಾಡಿದವರು ಸಕ್ಕರೆಯನ್ನೂ ಹಣ್ಣನ್ನೂ ಒಟ್ಟಿಗೆ ಕಳೆದುಕೊಳ್ಳುವರು.

ನಮ್ಮ ಸೀಮೆಯ ಹಣ್ಣುಗಳ ಗುಣಾವಗುಣ

ಪೇರಲ. ಮೈಸೂರಿನ ಕಡೆ ಸೀಬೆಯೆನ್ನುವ ಈ ಹಣ್ಣು ಜಾಮಿಗೆ ಅತ್ಯುತ್ತಮ. ಪೆಕ್ಟಿನ್ ಇದರಲ್ಲಿ ಯಥೇಷ್ಟವಾಗಿರುವುದು. ಮಳೆಗಾಲದ ಫಸಲು ಸಪ್ಪೆಯಾಗಿ, ಹಣ್ಣಿನ ನೊಣದ ಹುಳುವಿಗೆ ಹೆಚ್ಚಾಗಿ ತುತ್ತಾಗುವುದು. ಚಳಿಗಾಲದ ಫಸಲು ಗಟ್ಟಿಯಾಗಿಯೂ ರುಚಿಯಾಗಿಯೂ ಇರುವುದು. ಆದಕಾರಣ ಕಾರ್ತಿಕದಿಂದ ಪುಷ್ಯದವರೆಗಿನ ಹಣ್ಣನ್ನೇ ಜಾಮಿಗೆ ಆರಿಸತಕ್ಕದ್ದು. ಬೆಂಗಳೂರಿನ ಬಳಿಯ ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆಯವರು ಹೊರಡಿಸಿರುವ ಅರ್ಕಾ ಮೃದುಲಾ ಎಂಬ ತಳಿಯಲ್ಲಿ ಬೀಜವು ಮೃದುವಾಗಿರುವುದು. ಹೊಸದಾಗಿ ಗಿಡ ಹಚ್ಚುವವರು ಇದನ್ನು ಗಮನಿಸಬಹುದು.

ಪಪ್ಪಾಯಿ. ವರ್ಷದ ಬಹುಭಾಗ ದೊರೆಯುವ ಹಣ್ಣು. ಬಣ್ಣವೂ ತಿರುಳೂ ಚೆನ್ನಾಗಿವೆ. ಹುಳಿ ಮಾತ್ರ ಬಹಳ ಕಡಿಮೆ. ನಿಂಬೆಯ ಸಹಾಯವಿಲ್ಲದೆ ಇದರ ಜಾಮನ್ನು ಮಾಡಕೂಡದು.

ಮಾವು. ಹುಳಿಮಾವು, ನಾಟಿಮಾವುಗಳು ಜಾಮಿಗೆ ಸಿಹಿ ಮಾವಿಗಿಂತ ಮೇಲು. ಪೂರ್ತಿ ಮಾಗಿದ ಹಣ್ಣುಗಳ ಜೊತೆಗೆ ಕಾಲುಪಾಲು ದೋರೆಗಾಯಿಗಳನ್ನು ಸೇರಿಸಿದರೆ ಹದವು ಚೆನ್ನಾಗುವುದು.

ದಾಳಿಂಬೆ. ಬಾಗಲಕೋಟೆ ಜಿಲ್ಲೆಯ ರೈತರು ಈ ಬೆಳೆಯ ಲಾಭವನ್ನೂ ಅಂಗಮಾರಿ ರೋಗದ ಕಷ್ಟವನ್ನೂ ಎರಡನ್ನೂ ಕಂಡವರು. ನೀರಿನ ಏರುಪೇರಿನಿಂದ ಗಿಡದಲ್ಲಿಯೇ ಸೀಳಿದ ಹಣ್ಣನ್ನು ವ್ಯಾಪಾರಿಗಳು ಕೊಳ್ಳುವುದಿಲ್ಲ. ಅದೇ ದಿನ ಸೀಳಿದುದಾಗಿ, ಒಳಗೆ ಕಪ್ಪಾಗದೆ ಬೂಷ್ಟು ಹಿಡಿಯದೆ ಇದ್ದಲ್ಲಿ, ಕಾಳುಗಳ ರಸವನ್ನು ಹಿಂಡಿ ಪೇರಲದ ತಿರುಳಿಗೆ ಸೇರಿಸಬಹುದು. ದಾಳಿಂಬೆಯ ರಸವೊಂದರಿಂದಲೇ ಜಾಮು ಕಟ್ಟುವುದಿಲ್ಲ. ಪೇರಲದೊಡನೆ ಕೂಡಿದರೆ ಬಣ್ಣವೂ ಹುಳಿಯೂ ಒದಗುವುವು.

ಬಳವಲ ಅಥವಾ ಬೇಲದ ಹಣ್ಣು. ಹೊಲದ ಬದುವಿನಲ್ಲಿ ಬೆಳೆಯುವ ಈ ಮರವನ್ನು ಯಾರೂ ಲೆಕ್ಕಿಸರು. ಇದರ ತಿರುಳಿನಲ್ಲಿ ಅಂಟೂ ಹುಳಿಯೂ ಧಾರಾಳವಾಗಿವೆ. ಅಂಟು ಕಡಿಮೆಯಾದ ಹಣ್ಣುಗಳಿಗೆ ಇದನ್ನು ಸ್ವಲ್ಪ ಬೆರೆಸಿದರೆ ಅವೂ ಗಟ್ಟಿಯಾಗುವುವು.

ಚಿಕ್ಕು ಮತ್ತು ಬಾಳೆಯಲ್ಲಿ ಸಿಹಿ ಹೆಚ್ಚು, ಹುಳಿ ಕಡಿಮೆ. ಇವನ್ನು ಪೇರಲದೊಡನೆ ಮಿಶ್ರಮಾಡಿಯೇ ಉಪಯೋಗಿಸತಕ್ಕದ್ದು. ಗುಡ್ಡಗಳ ಓರೆಯಲ್ಲಿ ಬೆಳೆಯುವ ಸೀತಾಫಲವನ್ನು ಜಾಮಿಗೆ ಹಾಕಲೇಬಾರದು. ತಿನ್ನುವುದಕ್ಕೆ ಎಷ್ಟು ಮಧುರವೋ ಬೆಂಕಿಗೆ ಅಷ್ಟೇ ಅಯೋಗ್ಯವಾದ ಹಣ್ಣು ಅದು. ಕಾಯಿಸಿದರೆ ತಿರುಳು ಕಹಿಯಾಗುವುದು.

ಯಾವ ಹಣ್ಣೇ ಆಗಲಿ, ಸಣ್ಣದಾಗಿರಬಹುದು, ಸಿಪ್ಪೆಯಲ್ಲಿ ಕಲೆಯಿರಬಹುದು, ಕೊಳೆತಿರಬಾರದು. ಮಾರಲಾಗದ ಹಣ್ಣೆಂದರೆ ತಿನ್ನಲಾಗದ ಹಣ್ಣೆಂದು ಅರ್ಥಮಾಡಬಾರದು. ಅರ್ಧ ಕೊಳೆತುದನ್ನು ಕೊಯ್ದು ಮಿಕ್ಕರ್ಧವನ್ನು ಹಾಕುವ ಜಿಪುಣತನದಿಂದ ಇಡೀ ಪಾತ್ರೆಯೇ ಕೆಡುವುದು. ಔಷಧ ಸಿಂಪಡಿಸಿದ ಗಿಡದ ಹಣ್ಣನ್ನು, ಆ ಔಷಧದ ಡಬ್ಬಿಯ ಮೇಲೆ ಬರೆದಿರುವಷ್ಟು ದಿನಗಳು ಕಳೆಯುವವರೆಗೆ, ಮಾರುವುದಕ್ಕೂ ಕೀಳಬಾರದು, ಮನೆಗೂ ತರಬಾರದು.

ಬೇಕಾದ ಸಲಕರಣೆಗಳು

ಅಗಲ ಬಾಯಿಯ ದಪ್ಪ ತಳದ ಸ್ಟೀಲ್ ಪಾತ್ರೆಯೊಂದು, ಮರದ ಉದ್ದ ಹಿಡಿಯ ಸೌಟು, ಸ್ಟೀಲಿನ ಜರಡಿ, ತಕ್ಕಡಿ, ಬಿಗಿಯಾದ ಮುಚ್ಚಳದ ಗಾಜಿನ ಸೀಸೆಗಳು. ಸಾಧ್ಯವಾದರೆ ಅಡಿಗೆಯ ಉಷ್ಣಮಾಪಕವೊಂದನ್ನು ಕೊಂಡರೆ ಒಳ್ಳೆಯದು. ಕಬ್ಬಿಣದ ಬಾಣಲೆಯಲ್ಲಿ ಹುಳಿಹಣ್ಣು ಕಪ್ಪಾಗುವುದು. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಗಳು ಹುಳಿಯೊಡನೆ ಸೇರಿ ಕಿಲುಬೇರಿ ವಿಷವಾಗುವುವು. ಅಲ್ಯುಮಿನಿಯಮ್ ಪಾತ್ರೆಯನ್ನೂ ಹುಳಿಯು ತಿನ್ನುವುದು. ಇವು ಮೂರನ್ನೂ ಬಿಡತಕ್ಕದ್ದು.

ಪೇರಲದ ಜಾಮು ಮಾಡುವ ಕ್ರಮ

ಹಣ್ಣುಗಳನ್ನು ಎರಡು ಮೂರು ಸಲ ಶುದ್ಧವಾದ ನೀರಿನಲ್ಲಿ ತೊಳೆಯಿರಿ. ಮುಕ್ಕಾಲು ಪಾಲು ಮಾಗಿದವೂ ಕಾಲು ಪಾಲು ಇನ್ನೂ ಗಟ್ಟಿಯಾಗಿರುವವೂ ಇರಲಿ. ತೊಟ್ಟನ್ನೂ ಹೂವಿನ ಕಡೆಯ ತುದಿಯನ್ನೂ ಕೊಯ್ದುಹಾಕಿ, ಒಳಗೆ ಹುಳುವಿದೆಯೇ ಎಂದು ನೋಡಿ, ಸಣ್ಣ ಹೋಳುಗಳನ್ನಾಗಿ ಮಾಡಿರಿ. ಸಿಪ್ಪೆಯನ್ನು ತೆಗೆಯಬೇಕಾಗಿಲ್ಲ. ಒಂದು ಕಿಲೋ ಹೋಳಿಗೆ ಸುಮಾರು ೧೫೦ ಗ್ರಾಂ ನೀರನ್ನು ಹಾಕಿ, ಮುಚ್ಚಳವಿಟ್ಟು, ಹೋಳುಗಳು ಚೆನ್ನಾಗಿ ಮೆತ್ತಗಾಗುವವರೆಗೆ ಬೇಯಿಸಿ, ಬಿಸಿಯಿರುವಾಗಲೇ ಜರಡಿಯಲ್ಲಿ ಉಜ್ಜಿರಿ. ಬೀಜವೂ ಸಿಪ್ಪೆಯ ನಾರೂ ಜರಡಿಯಲ್ಲಿ ಉಳಿದು ನಯವಾದ ತಿರುಳು ಕೆಳಗೆ ಬೀಳುವುದು.

ಇಲ್ಲಿಂದ ಮುಂದೆ ತಕ್ಕಡಿಯನ್ನು ಬಿಡಬಾರದು. ಮೊದಲು ಖಾಲಿ ಪಾತ್ರೆಯನ್ನು ಸೌಟಿನೊಡನೆ ತೂಗಿ ಆ ತೂಕವನ್ನು ಗೋಡೆಯ ಮೇಲಾದರೂ ಬರೆದಿಡಿರಿ. ಬಳಿಕ ಈ ಕೆಳಗಿನಂತೆ ತೆಗೆದುಕೊಳ್ಳತಕ್ಕದ್ದು:

ಪೇರಲದ ತಿರುಳು: ೧ ಕಿಲೋ
ಸಕ್ಕರೆ: ೭೫೦ ಗ್ರಾಂ
ನಿಂಬೆ ಉಪ್ಪು: ೨½ ಗ್ರಾಂ, ಅಥವಾ ಮೂರು ನಿಂಬೆಹಣ್ಣುಗಳ ರಸ

ತಿರುಳಿಗೆ ಸಕ್ಕರೆಯನ್ನು ಸೇರಿಸಿ, ಸಣ್ಣ ಉರಿಯಲ್ಲಿ ಕದಡುತ್ತ ಸಕ್ಕರೆಯೆಲ್ಲ ಕರಗುವಂತೆ ಮಾಡಿರಿ. ಕರಗಿದ ಮೇಲೆ ಉರಿಯನ್ನು ಹೆಚ್ಚಿಸಿ ರಭಸದಿಂದ ಕುದಿಸಿರಿ. ತಳ ಹಿಡಿಯದಂತೆ ಸೌಟನ್ನು ಆಡಿಸುತ್ತಿರಬೇಕು. ಗಟ್ಟಿಯಾಗುತ್ತ ಬಂದಂತೆ ಜಾಮು ಸಿಡಿಯುವುದರಿಂದ ಮಕ್ಕಳನ್ನು ಒಲೆಯ ಹತ್ತಿರ ಸೇರಿಸಬಾರದು. ನಿಂಬೆ ಉಪ್ಪನ್ನಾಗಲಿ ರಸವನ್ನಾಗಲಿ ಹದವು ಸಮೀಪಿಸಿದಾಗ ಹಾಕತಕ್ಕದ್ದು. ಮೊದಲೇ ಹಾಕಿ ಬಹಳ ಹೊತ್ತು ಕುದಿಸಿದರೆ ಹುಳಿಯು ಪೆಕ್ಟಿನ್ನನ್ನು ಒಡೆದುಹಾಕುವುದು. ಒಂದು ಸಲಕ್ಕೆ ಎರಡು ಕಿಲೋ ತಿರುಳಿಗಿಂತ ಹೆಚ್ಚು ಹಾಕಬಾರದು. ದೊಡ್ಡ ಪಾತ್ರೆಯ ತುಂಬ ಹಾಕಿ ಗಂಟೆಗಟ್ಟಲೆ ಕುದಿಸಿದ ಜಾಮು ಬಣ್ಣಗೆಟ್ಟು, ಸುವಾಸನೆಯನ್ನು ಕಳೆದುಕೊಂಡು, ಕಡೆಗೆ ಗಟ್ಟಿಯೂ ಆಗುವುದಿಲ್ಲ.

ಹದವನ್ನು ತಿಳಿಯುವ ಬಗೆ

ಹೆಚ್ಚಿನವರು ಸೋಲುವುದು ಇಲ್ಲಿಯೇ. ಬಿಸಿಯಾದ ಜಾಮು ಯಾವಾಗಲೂ ತೆಳ್ಳಗೆ ಕಾಣುವುದು. ಕಣ್ಣಿಗೆ ಗಟ್ಟಿಯಾಗಿ ಕಾಣುವವರೆಗೆ ಕಾದರೆ ತಣ್ಣಗಾದ ಮೇಲೆ ಕಲ್ಲಾಗುವುದು. ಹದವನ್ನು ತಿಳಿಯಲು ನಾಲ್ಕು ವಿಧಾನಗಳುಂಟು.

೧. ತೂಕ. ಇದು ಎಲ್ಲಕ್ಕಿಂತ ನಂಬತಕ್ಕದ್ದು. ಒಂದು ಕಿಲೋ ಪೇರಲದ ತಿರುಳಿನಲ್ಲಿ ನೀರನ್ನು ಬಿಟ್ಟು ಸಾರವು ಸುಮಾರು ೧೦೦ ಗ್ರಾಂ. ಸಕ್ಕರೆ ೭೫೦ ಗ್ರಾಂ. ಎರಡೂ ಸೇರಿ ೮೫೦ ಗ್ರಾಂ ಆಯಿತು. ಇದು ಒಟ್ಟು ಜಾಮಿನ ನೂರಕ್ಕೆ ೬೮ ಪಾಲಾಗಬೇಕಾದರೆ ಜಾಮಿನ ತೂಕವು ೧,೨೫೦ ಗ್ರಾಂ ಆಗಬೇಕು. ಆರಂಭದಲ್ಲಿ ಪಾತ್ರೆಯಲ್ಲಿದ್ದದ್ದು ೧,೭೫೦ ಗ್ರಾಂ. ಎಂದರೆ ಅರ್ಧ ಕಿಲೋ ನೀರು ಆವಿಯಾಗಿ ಹೋಗತಕ್ಕದ್ದು. ಪಾತ್ರೆಯನ್ನು ಇಳಿಸಿ, ಸೌಟಿನೊಡನೆ ತೂಗಿ, ಮೊದಲೇ ಬರೆದಿಟ್ಟ ತೂಕವನ್ನು ಕಳೆದರೆ ಸತ್ಯವು ಹೊರಬೀಳುವುದು.

೨. ಉಷ್ಣತೆ. ಜಾಮಿನ ಹದವು ಕಡಲಿನ ಮಟ್ಟದಲ್ಲಿ ೧೦೫ ಡಿಗ್ರಿ ಸೆಂಟಿಗ್ರೇಡೆಂದು ಪುಸ್ತಕಗಳಲ್ಲಿ ಬರೆದಿರುವುದು. ಅಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದು. ಬಾದಾಮಿಯ ಕಡೆಯ ಈ ಭೂಮಿಯು ಕಡಲಿನಿಂದ ಐನೂರು ಆರುನೂರು ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು ೯೮ ಡಿಗ್ರಿಗೇ ಕುದಿಯುವುದು. ಪುಸ್ತಕದಂತೆ ೧೦೫ಕ್ಕೆ ಕಾದರೆ ಜಾಮು ಹದ ಮೀರುವುದು. ಮೊದಲು ಬರಿಯ ನೀರನ್ನು ಕುದಿಸಿ ಮಾಪಕವು ತೋರಿಸುವ ಅಂಕಿಯನ್ನು ನೋಡಿಕೊಂಡು, ಅದಕ್ಕೆ ಐದನ್ನು ಕೂಡಿಸಿರಿ. ನಮ್ಮಲ್ಲಿ ಅದು ೧೦೩ರ ಸುಮಾರಿಗೆ ಬರುವುದು.

೩. ತಟ್ಟೆ. ತಣ್ಣನೆಯ ತಟ್ಟೆಯ ಮೇಲೆ ಒಂದು ತೊಟ್ಟು ಜಾಮನ್ನು ಹಾಕಿ, ಆರಿದ ಮೇಲೆ ಬೆರಳಿನಿಂದ ಮೆಲ್ಲಗೆ ನೂಕಿದರೆ ಮೇಲೆ ಸುಕ್ಕು ಬೀಳಬೇಕು. ಪರೀಕ್ಷೆಯ ಹೊತ್ತಿನಲ್ಲಿ ಪಾತ್ರೆಯನ್ನು ಒಲೆಯಿಂದ ಇಳಿಸಿಡಬೇಕು.

೪. ಸೌಟು. ಸೌಟಿನಿಂದ ಎತ್ತಿ ಓರೆಮಾಡಿದಾಗ ಜಾಮು ಹನಿಹನಿಯಾಗಿ ತೊಟ್ಟಿಕ್ಕದೆ, ಅಗಲವಾಗಿ ಕೂಡಿಕೊಂಡು ಹಾಳೆಯಂತೆ ಜಾರಿ ಬೀಳಬೇಕು.

ಕಲಿಯುವವರು ಮೊದಲ ಕೆಲವು ಸಲ ತೂಕವನ್ನೂ ತಟ್ಟೆಯನ್ನೂ ಜೊತೆಯಾಗಿ ನೋಡಬೇಕು. ಕೈ ಪಳಗಿದ ಮೇಲೆ ಸೌಟೊಂದರಿಂದಲೇ ತಿಳಿಯುವುದು.

ಇತರ ಹಣ್ಣುಗಳ ಅಳತೆ

ಪಪ್ಪಾಯಿ: ಸಿಪ್ಪೆ, ಬೀಜಗಳನ್ನು ತೆಗೆದ ತಿರುಳು ೧ ಕಿಲೋ, ಸಕ್ಕರೆ ೭೦೦ ಗ್ರಾಂ, ನಿಂಬೆ ಉಪ್ಪು ೩ರಿಂದ ೪ ಗ್ರಾಂ, ಅಥವಾ ನಾಲ್ಕೈದು ನಿಂಬೆಹಣ್ಣುಗಳ ರಸ. ಸಿದ್ಧವಾದ ತೂಕ ಸುಮಾರು ೧,೧೭೫ ಗ್ರಾಂ.

ಮಾವು: ತಿರುಳು ೧ ಕಿಲೋ, ಸಕ್ಕರೆ ೭೫೦ ಗ್ರಾಂ, ನಿಂಬೆ ಉಪ್ಪು ೧½ ಗ್ರಾಂ, ಹುಳಿಮಾವಾದರೆ ಅದೂ ಬೇಡ. ಮಾವಿನ ತಿರುಳಿನಲ್ಲಿ ಸಾರವು ಹೆಚ್ಚಾಗಿರುವುದರಿಂದ ಸಿದ್ಧವಾದ ತೂಕ ಸುಮಾರು ೧,೩೪೦ ಗ್ರಾಂ.

ಮಿಶ್ರ ಜಾಮು: ಪೇರಲ ಅರ್ಧ, ಪಪ್ಪಾಯಿ ಕಾಲು, ಚಿಕ್ಕು ಅಥವಾ ಬಾಳೆ ಕಾಲು. ಅಳತೆಯೆಲ್ಲ ಪೇರಲದಂತೆಯೇ, ಹುಳಿಯು ೩ ಗ್ರಾಂ. ಪೇರಲವು ಅರ್ಧಕ್ಕಿಂತ ಕಡಿಮೆಯಾಗಬಾರದು. ಮನೆಯ ಹಿತ್ತಲಿನ ಚೂರುಪಾರು ಹಣ್ಣನ್ನೆಲ್ಲ ಹೀಗೆ ಒಂದುಗೂಡಿಸಬಹುದು.

ಸೀಸೆಗೆ ತುಂಬುವುದು

ಫ್ರಾನ್ಸಿನ ಮಿಠಾಯಿಗಾರನಾದ ನಿಕೊಲಾ ಆಪೇರ್ ಎಂಬವನು, ಸೀಸೆಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಿ ಕುದಿನೀರಿನಲ್ಲಿಟ್ಟ ಆಹಾರವು ಬಹುಕಾಲ ಕೆಡುವುದಿಲ್ಲವೆಂಬುದನ್ನು ೧೮೧೦ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಹೀಗೇಕೆ ಆಗುವುದೆಂಬುದು ಅವನಿಗೂ ತಿಳಿದಿರಲಿಲ್ಲ. ಸೂಕ್ಷ್ಮಜೀವಿಗಳೇ ಕಾರಣವೆಂಬುದನ್ನು ಪ್ಯಾಸ್ಟರ್ ಮಹಾಶಯನು ಮುಂದೆ ತೋರಿಸಿಕೊಟ್ಟನು. ನಮಗೆ ಈಗ ಕಾರಣವೂ ತಿಳಿದಿರುವುದರಿಂದ ಉದಾಸೀನಕ್ಕೆ ಎಡೆಯಿಲ್ಲ.

ಸೀಸೆಗಳನ್ನೂ ಮುಚ್ಚಳಗಳನ್ನೂ ಸೋಪಿನಿಂದ ತೊಳೆದು, ಪಾತ್ರೆಯ ತಳದಲ್ಲಿ ಬಟ್ಟೆಯನ್ನು ಹಾಸಿ, ತಣ್ಣೀರಿನಲ್ಲಿಟ್ಟು ಕಾಯಿಸಿ, ಅರ್ಧ ಗಂಟೆ ಕುದಿಸತಕ್ಕದ್ದು. ಹೊರತೆಗೆದು ಶುದ್ಧವಾದ ಬಟ್ಟೆಯ ಮೇಲೆ ಬೋರಲು ಹಾಕಿ ನೀರಾರಿಸಬೇಕು. ಒಳಗೆ ಬಟ್ಟೆಯಿಂದ ಒರಸಬಾರದು. ಸೀಸೆಯು ಇನ್ನೂ ಬೆಚ್ಚಗಿರುವಾಗಲೇ ಮರದ ಹಲಗೆಯ ಮೇಲಿಟ್ಟು ಬಿಸಿ ಜಾಮನ್ನು ತುಂಬಬೇಕು. ಬಂಡೆಯ ಮೇಲೋ ನೆಲದ ಮೇಲೋ ಇಟ್ಟರೆ ಗಾಜು ಒಡೆಯುವುದು. ಮೇಲೆ ಒಂದು ಬೆರಳಿನ ಅಗಲಕ್ಕಿಂತ ಕಡಿಮೆ ಜಾಗವನ್ನು ಬಿಟ್ಟು, ಕೂಡಲೇ ಮುಚ್ಚಳವನ್ನು ಬಿಗಿದು, ಎರಡು ನಿಮಿಷ ತಲೆಕೆಳಗು ಮಾಡಿ ಹಿಡಿದರೆ ಮುಚ್ಚಳದ ಒಳಭಾಗವೂ ಆ ಬಿಸಿಯಿಂದ ಶುದ್ಧವಾಗುವುದು. ಹಣ್ಣಿನ ಹೆಸರನ್ನೂ ಮಾಡಿದ ದಿನವನ್ನೂ ಬರೆದು ಅಂಟಿಸಿ, ಬಿಸಿಲು ತಾಗದ ತಂಪಾದ ಸ್ಥಳದಲ್ಲಿಡಬೇಕು. ಹೀಗೆ ಇಟ್ಟ ಸೀಸೆಯು ತೆರೆಯದಿದ್ದರೆ ಒಂದು ವರ್ಷ ನಿಲ್ಲುವುದು. ತೆರೆದ ಮೇಲೆ ಒಣಗಿದ ಚಮಚವನ್ನೇ ಹಾಕಿ, ಬೇಗನೆ ಮುಗಿಸತಕ್ಕದ್ದು.

ದೋಷಗಳೂ ಅವುಗಳ ಕಾರಣವೂ

ಜಾಮು ಹರಿಯುವುದು: ಅಂಟಾಗಲಿ ಹುಳಿಯಾಗಲಿ ಸಾಲದು, ಅಥವಾ ಹದಕ್ಕೆ ಮೊದಲೇ ಇಳಿಸಿದುದು.
ನೀರು ಬಿಡುವುದು: ಹುಳಿಯು ಅತಿಯಾದುದು.
ಸಕ್ಕರೆ ಹರಳುಗಟ್ಟುವುದು: ಸಕ್ಕರೆ ಹೆಚ್ಚು, ಹುಳಿ ಕಡಿಮೆ, ಅಥವಾ ಅತಿಯಾಗಿ ಕುದಿಸಿದುದು.
ಸೇಂದಿಯ ವಾಸನೆ, ನೊರೆ: ಸಕ್ಕರೆಯು ೬೫ ಪಾಲಿಗಿಂತ ಕಡಿಮೆಯಾಗಿ ಹುದುಗೆದ್ದುದು.
ಮೇಲೆ ಬೂಷ್ಟು: ಸೀಸೆ ಹಸಿಯಿತ್ತು, ಅಥವಾ ಮುಚ್ಚಳ ಸಡಿಲವಿತ್ತು, ಅಥವಾ ಹಸಿ ಚಮಚ ಹಾಕಿದುದು.

ಬೂಷ್ಟನ್ನು ಮೇಲಿನಿಂದ ತೆಗೆದು ಕೆಳಗಿನದನ್ನು ತಿನ್ನುವ ಅಭ್ಯಾಸವನ್ನು ಬಿಡಬೇಕು. ಬೂಷ್ಟಿನ ವಿಷವು ಕಣ್ಣಿಗೆ ಕಾಣದಂತೆ ಒಳಗೂ ಇಳಿದಿರಬಹುದು. ಅಂಥ ಸೀಸೆಯನ್ನು ಪೂರ್ತಿಯಾಗಿ ಚೆಲ್ಲತಕ್ಕದ್ದು.

ಬೆಲ್ಲದಿಂದ ಮಾಡಬಹುದೇ?

ಮಹಾಲಿಂಗಪುರದ ಬೆಲ್ಲದ ಪೇಟೆ ನಮ್ಮ ಜಿಲ್ಲೆಯಲ್ಲಿಯೇ ಇರುವಾಗ ಈ ಪ್ರಶ್ನೆ ಸಹಜವಾದುದು. ಬೆಲ್ಲದಿಂದ ಮಾಡಬಹುದು, ಆದರೆ ಮೂರು ಸಂಗತಿಗಳನ್ನು ತಿಳಿದಿರಬೇಕು. ಬೆಲ್ಲದಲ್ಲಿ ನೀರೂ ಕಸರೂ ಇರುವುದರಿಂದ ಸಕ್ಕರೆಯಷ್ಟೇ ತೂಕದ ಬೆಲ್ಲವು ಅಷ್ಟೇ ಕೆಲಸ ಮಾಡಲಾರದು. ಸ್ವಲ್ಪ ಹೆಚ್ಚು ಹಾಕಬೇಕು. ಗಾಣದಲ್ಲಿ ಕಬ್ಬಿನ ಹಾಲನ್ನು ತಿಳಿಮಾಡಲು ಸುಣ್ಣವನ್ನು ಹಾಕುವ ಪದ್ಧತಿಯುಂಟು. ಆ ಸುಣ್ಣವು ಹಣ್ಣಿನ ಹುಳಿಯನ್ನು ತಿನ್ನುವುದರಿಂದ ನಿಂಬೆಯ ರಸವನ್ನೂ ಹೆಚ್ಚಿಸಬೇಕು. ಬೆಲ್ಲದ ಬಣ್ಣವೂ ವಾಸನೆಯೂ ಹಣ್ಣಿನದನ್ನು ಮುಚ್ಚಿಬಿಡುವುವು. ಮನೆಯ ಬಳಕೆಗೆ, ಅದರಲ್ಲಿಯೂ ಮಾವಿಗೆ, ಬೆಲ್ಲವು ಚೆನ್ನಾಗಿ ಹೊಂದುವುದು. ಪೇರಲಕ್ಕೂ ಮಾರಾಟಕ್ಕೂ ಸಕ್ಕರೆಯೇ ಮೇಲು. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಶೋಧಿಸಿ, ಆ ಬಳಿಕವೇ ತಿರುಳಿಗೆ ಸೇರಿಸತಕ್ಕದ್ದು.

ಇದರಿಂದ ಪ್ರಯೋಜನವೆಷ್ಟು?

ಜಾಮಿನಿಂದ ಶ್ರೀಮಂತರಾಗಬಹುದೆಂದು ಹೇಳುವವರ ಮಾತನ್ನು ನಂಬಬೇಡಿರಿ. ಲೆಕ್ಕವನ್ನು ತಾವೇ ಮಾಡಿ ನೋಡಿರಿ. ಸಕ್ಕರೆ, ಸೀಸೆ, ಸೌದೆ ಅಥವಾ ಗ್ಯಾಸು, ಕೂಲಿ, ಇವು ನಾಲ್ಕೂ ಕೈಯಿಂದ ಹೋಗುವ ಹಣ. ಹಣ್ಣು ಮಾತ್ರ ಮನೆಯದು. ಇವುಗಳಲ್ಲಿ ಸೀಸೆಯ ವೆಚ್ಚವು ಹಲವರ ಗಮನಕ್ಕೆ ಬರುವುದಿಲ್ಲ. ಮನೆಯ ಬಳಕೆಗಾದರೆ ಹಳೆಯ ಸೀಸೆಗಳೇ ಸಾಕು. ಆದಕಾರಣ ಮೊದಲ ವರ್ಷ ಮನೆಗಾಗಿ ಮಾತ್ರ ಮಾಡಿರಿ. ಎರಡನೆಯ ವರ್ಷ ನೆಂಟರಿಗೂ ನೆರೆಯವರಿಗೂ ಕೊಟ್ಟು ಅವರ ಅಭಿಪ್ರಾಯವನ್ನು ಕೇಳಿರಿ. ವರ್ಷವಿಡೀ ಒಂದೂ ಸೀಸೆ ಕೆಡದೆ ನಿಂತ ಮೇಲೆಯೇ ಮಾರಾಟದ ಯೋಚನೆ. ಮಾರುವುದಾದರೆ ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಮೊದಲು ನೋಂದಾಯಿಸಿಕೊಳ್ಳಬೇಕು. ಸೀಸೆಯ ಮೇಲೆ ಒಳಗಿರುವ ಪದಾರ್ಥಗಳ ಹೆಸರು, ತೂಕ, ದಿನಾಂಕಗಳನ್ನು ಬರೆಯಬೇಕು. ಹಣ್ಣಿನ ಪಾಲು ನೂರಕ್ಕೆ ೪೫ಕ್ಕಿಂತ ಕಡಿಮೆಯಿರಬಾರದೆಂದು ನಿಯಮವಿದೆ. ಮೇಲೆ ಹೇಳಿದ ಅಳತೆಗಳಲ್ಲಿ ಹಣ್ಣು ಇದಕ್ಕಿಂತ ಬಹಳ ಹೆಚ್ಚಾಗಿದೆ. ಮನೆಯ ಜಾಮಿನ ಹಿರಿಮೆಯೇ ಇದು.

ಆರೋಗ್ಯದ ವಿಷಯದಲ್ಲಿಯೂ ಒಂದು ಮಾತು. ಹಸಿಯ ಪೇರಲದಲ್ಲಿ ಸಿ ಜೀವಸತ್ವವು ಕಿತ್ತಳೆಗಿಂತ ಮೂರು ನಾಲ್ಕು ಮಡಿ ಹೆಚ್ಚಾಗಿರುವುದು. ಕುದಿಸಿದಾಗ ಅದರಲ್ಲಿ ಬಹುಪಾಲು ನಷ್ಟವಾಗುವುದು. ಜಾಮಿನ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಆಗಿದೆ. ಆದುದರಿಂದ ಹಣ್ಣಿರುವ ಕಾಲದಲ್ಲಿ ಮಕ್ಕಳಿಗೆ ಹಣ್ಣನ್ನೇ ಕೊಡಬೇಕು. ಮಿಕ್ಕುದನ್ನು ಮಾತ್ರ ಜಾಮು ಮಾಡಬೇಕು. ಬೇಸಗೆಯಲ್ಲಿ ರೊಟ್ಟಿಗೋ ಚಪಾತಿಗೋ ಒಂದು ಚಮಚ ಹಚ್ಚಿ ಕೊಟ್ಟರೆ ಸಾಕು. ಸಕ್ಕರೆ ಕಾಯಿಲೆಯವರು ಇದನ್ನು ಮುಟ್ಟಬಾರದು.

ಗ್ರಾಮಮುಖಂಡರು ಮಾಡತಕ್ಕ ಕೆಲಸ

ಒಂದೊಂದು ಮನೆಯವರೂ ಜರಡಿ, ಉಷ್ಣಮಾಪಕ, ದೊಡ್ಡ ಪಾತ್ರೆ, ತಕ್ಕಡಿಗಳನ್ನು ಕೊಳ್ಳುವುದು ಸಾಧ್ಯವಲ್ಲ, ಆವಶ್ಯಕವೂ ಅಲ್ಲ. ಊರಿಗೆ ಒಂದು ಜೊತೆ ಇದ್ದರೆ ಸಾಕು. ಮದುವೆಯ ಪಾತ್ರೆಗಳನ್ನು ಗುಡಿಯಲ್ಲಿಟ್ಟು ಎಲ್ಲರೂ ಬಳಸುವ ರೂಢಿಯು ಹಲವು ಊರುಗಳಲ್ಲಿ ಹಿಂದಿನಿಂದಲೂ ಉಂಟು. ಇದನ್ನೂ ಹಾಗೆಯೇ ಇಡಬಹುದು. ತೋಟವುಳ್ಳವರು ಮಿಕ್ಕ ಹಣ್ಣನ್ನು ಕೊಡಲಿ. ತೋಟವಿಲ್ಲದ ಮನೆಗಳ, ಮುಖ್ಯವಾಗಿ ಮಗ್ಗದ ಕೆಲಸ ಕಡಿಮೆಯಾದ ನೇಕಾರ ಮನೆಗಳ, ಹೆಂಗಸರು ದುಡಿಮೆಯನ್ನು ಕೊಡಲಿ. ಸಿದ್ಧವಾದುದನ್ನು ನ್ಯಾಯವಾಗಿ ಹಂಚಿಕೊಳ್ಳ್ಳಲಿ. ತೂಕದ ಚೀಟಿಯನ್ನು ಎಲ್ಲರ ಎದುರಿಗೆ ಬರೆದರೆ ಜಗಳಕ್ಕೆ ಕಾರಣವಿರದು.

ಕಲಿಯುವುದಕ್ಕೂ ದೂರ ಹೋಗಬೇಕಾಗಿಲ್ಲ. ೨೦೦೮ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಶ್ವವಿದ್ಯಾಲಯವು ಬಾಗಲಕೋಟೆಯಲ್ಲಿಯೇ ಇದೆ. ಆಹಾರ ಸಂಸ್ಕರಣದ ಸಂಶೋಧನೆಗೆಂದೇ ೧೯೫೦ರಲ್ಲಿ ಆರಂಭವಾದ ಕೇಂದ್ರ ಸಂಸ್ಥೆಯು ಮೈಸೂರಿನಲ್ಲಿದೆ. ಊರಿನಿಂದ ಓದುಬರಹ ಬಲ್ಲ ಇಬ್ಬರು ಹೆಣ್ಣುಮಕ್ಕಳನ್ನು ಕಳುಹಿಸಿ ಕಲಿಸಿದರೆ, ಅವರು ಊರಿಗೆಲ್ಲ ಕಲಿಸುವರು. ಗಂಡಸರು ಉಪನ್ಯಾಸವನ್ನು ಕೇಳಿ ಮನೆಗೆ ಹೋಗಿ ಹೆಂಗಸರಿಗೆ ಅಪ್ಪಣೆ ಮಾಡಿದರೆ ಈ ಕೆಲಸವು ಸಾಗುವುದಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಒಲೆಯ ಮುಂದೆ ನಿಲ್ಲುವವರ ಕೈಯಲ್ಲಿಯೇ ತಕ್ಕಡಿಯೂ ಲೆಕ್ಕದ ಪುಸ್ತಕವೂ ಬಂದ ಹಣವೂ ಇರಬೇಕು.

ಪೇರಲವೂ ಪಪ್ಪಾಯಿಯೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಈ ದೇಶಕ್ಕೆ ಬಂದ ಗಿಡಗಳು. ಕಬ್ಬಿನ ಹಾಲಿನಿಂದ ಸಕ್ಕರೆಯನ್ನು ಮಾಡುವ ವಿದ್ಯೆಯಾದರೋ ನಮ್ಮ ದೇಶದಿಂದಲೇ ಹೊರಗೆ ಹೋದದ್ದು. ಹೊರಗಿನ ಗಿಡಗಳನ್ನು ನಾವು ನಮ್ಮವನ್ನಾಗಿ ಮಾಡಿಕೊಂಡಿರುವಾಗ, ಅವುಗಳ ಫಲವನ್ನು ನಮ್ಮ ಸಕ್ಕರೆಯಿಂದ ಕಾಪಾಡುವ ಕ್ರಮವನ್ನು ಕಲಿಯುವುದು ಕಷ್ಟವೇನೂ ಅಲ್ಲ. ಬನಶಂಕರಿಯ ಜಾತ್ರೆ ನಡೆಯುವ ಬನದ ಹುಣ್ಣಿಮೆಯ ಹೊತ್ತಿಗೆ ಪೇರಲದ ಚಳಿಗಾಲದ ಫಸಲು ಇನ್ನೂ ಇರುವುದು. ಆ ಕಾಲಕ್ಕೆ ಪ್ರತಿಯೊಂದು ಊರಿನಲ್ಲಿಯೂ ಒಂದು ಕಿಲೋ ತಿರುಳಿನಿಂದ ಒಂದು ಸಲವಾದರೂ ಪ್ರಯೋಗ ನಡೆಯಲಿ. ತಪ್ಪಿದರೆ ನಷ್ಟವಾಗುವುದು ಮುಕ್ಕಾಲು ಕಿಲೋ ಸಕ್ಕರೆ. ಸರಿಹೋದರೆ ಮುಂದಿನ ವರ್ಷಗಳಲ್ಲಿ ತಿಪ್ಪೆಗೆ ಹೋಗುವ ಹಣ್ಣಿನ ಬುಟ್ಟಿಗಳು ಮನೆಯೊಳಗೆ ಉಳಿಯುವುವು.